ಎರಡನೇ ಚಾನೆಲ್

ಮೈಕಿನ ಮೊದಲ ಚಾನೆಲ್‌ನಲ್ಲಿ ಆಡಿದ ಮಾತು, ಎರಡನೆಯದರಲ್ಲಿ ಆಡದೆ ಉಳಿಸಿಕೊಂಡ ಮಾತು ಬರುತ್ತಿದ್ದ ಕಾಲವದು. ಎರಡನೆಯದನ್ನು ಮೈಕಿನ ಡ್ರೈವರ್ ಸಾಫ್ಟ್‌ವೇರಿನ ಸೆಟ್ಟಿಂಗ್ಸಿನಲ್ಲಿ ಮೊದಲೇ ಆಫ್ ಮಾಡುವುದು ಸ್ಟುಡಿಯೋದವರ ಮರ್ಯಾದೆ. ಅಂದು ಬೆಳಿಗ್ಗೆ ಹೊಸ ಡ್ರೈವರ್ ಹಾಕಿದ ನೀಲಾಂಬಿಕಾ, ಅದು ತಾನಾಗಿಯೇ ಆನ್ ಆಗಿದ್ದನ್ನು ಗಮನಿಸಲಿಲ್ಲ.

"ಲೆವೆಲ್ ನೋಡ್ತೀನಿ, ಏನಾರ ಮಾತಾಡ್ರಿ," ಎಂದು ಹೆಡ್‌ಫೋನ್ ಹಾಕಿಕೊಂಡಳು.

ಧಾರವಾಡದ ಆ ಸ್ಟುಡಿಯೋದಲ್ಲಿ ಹದಿನೆಂಟು ವರ್ಷದಿಂದ ಅವಳ ಪಾಲುದಾರನಾಗಿದ್ದ ವಿರೂಪಾಕ್ಷ ಮೈಕಿಗೆ ಬಾಗಿ ನಕ್ಕ. "ನಮ್ಮ ಸ್ಟುಡಿಯೋ ನೂರು ವರ್ಷ ನಡೀಲಿ!"

ಅವನದೇ ದನಿ ಅವಳ ಬಲಗಿವಿಯಲ್ಲಿ ಮೆಲ್ಲಗೆ ಹೇಳಿತು: "ಸ್ಟುಡಿಯೋ ನಿನ್ನೇನ ಮಾರಿಬಿಟ್ಟೀನಿ. ಈಕಿಗೆ ಹೆಂಗ ಹೇಳ್ಲಿ?"

ನೀಲಾಂಬಿಕಾ ಚಾನೆಲ್ ಆಫ್ ಮಾಡಲಿಲ್ಲ. ಹೆಡ್‌ಫೋನನ್ನು ಅವನ ಕೈಗೆ ಕೊಟ್ಟು, ತಾನು ಮೈಕಿನ ಮುಂದೆ ಕೂತಳು.

"ನಿಮಗ ಒಳ್ಳೇದಾಗ್ಲಿ," ಎಂದಳು.

ವಿರೂಪಾಕ್ಷನ ಮುಖ ಬಿಳಿಚಿಕೊಂಡಿತು. ಅವಳು ಬಾಯಿ ಮುಚ್ಚಿ ಕೂತ ಮೇಲೂ ಅವನು ತಲೆ ತಗ್ಗಿಸಿ ಬಹಳ ಹೊತ್ತು ಕೇಳುತ್ತಲೇ ಇದ್ದ.