ಮಲ್ಲಿಗೆಯ ಪ್ರತಿ

ಮೈಸೂರಿನ ಆ ಊದುಬತ್ತಿ ಕಾರ್ಖಾನೆಯ ಯಂತ್ರ ತಾನು ಮೂಸಿದ ಗಂಧಗಳನ್ನೆಲ್ಲ ಕೂಡಿಡುತ್ತಿತ್ತು. ಅವುಗಳನ್ನು ಕ್ಲೌಡ್‌ಗೆ ಸಾಗಿಸುತ್ತಿರುವಾಗಲೇ ಅದು ಹೊಗೆಯುಗುಳಿ ನಿಂತುಹೋಯಿತು.

“ಯಂತ್ರ ಕಾದು ಸುಟ್ಟಿದೆ! ಫ್ಯಾನ್ ಯಾರು ಆರಿಸಿದ್ದು?” ತಂತ್ರಜ್ಞ ಇರ್ಷಾದ್ ಕೂಗಿದ.

“ನಾನೇ ಕಣಪ್ಪ,” ಎಂದರು ಒಡತಿ ಪಂಕಜಮ್ಮ. “ಗಂಧ ಮೂಸೋ ಕೋಣೇಲಿ ನಾವು ಗಾಳಿ ಆಡಿಸೋದಿಲ್ಲ. ನಮ್ಮಮ್ಮನ ಮಲ್ಲಿಗೆ ಹೋಯ್ತಾ?”

“ಕೊನೇದು ಅದೇ, ಅಮ್ಮಾವ್ರೇ. ತಲುಪಿತೋ ಇಲ್ವೋ!”

ತೀರಿಕೊಂಡ ತಾಯಿ ಮಲ್ಲಿಗೆ ಬತ್ತಿಗೆ ಬೆರೆಸುತ್ತಿದ್ದ ಗಂಧದ ಹದ ಬೇರಾರಿಗೂ ತಿಳಿದಿರಲಿಲ್ಲ. ಇರ್ಷಾದ್ ಗಂಧವನ್ನು ಮತ್ತೆ ಹೊರಸೂಸುವ ಬೇರೊಂದು ಯಂತ್ರದಲ್ಲಿ ಕ್ಲೌಡಿನ ಪ್ರತಿಯನ್ನು ತೆರೆದ. ಪಂಕಜಮ್ಮ ಅದರ ಕೊಳವೆಗೆ ಮೂಗೊಡ್ಡಿದರು. ಮೊದಲು ಏನೂ ಬರಲಿಲ್ಲ. ಆಮೇಲೆ ಮೆಲ್ಲಗೆ ಮಲ್ಲಿಗೆ ಘಮಿಸಿತು. ಅದರ ಬೆನ್ನಿಗೇ ಸುಟ್ಟ ವೈರಿನ ವಾಸನೆಯೂ ಬಂತು.

ಪಂಕಜಮ್ಮ ಕಣ್ಣೊರೆಸಿಕೊಂಡು ನಕ್ಕರು. “ತಾನು ಸುಟ್ಟುಹೋದ ವಾಸನೇನೂ ಮೂಸಿ ಕಳಿಸಿದೆ ನೋಡು, ಪಾಪ! ಇನ್ನೇನೂ ಉಳಿಸಿಕೊಂಡಿಲ್ಲ ಬಿಡು.”