ಗೌರವ್ವನ ಕಬ್ಬಿಣದ ಹೆಪ್ಪು

ಮೊಸರಿನ ಸೂಕ್ಷ್ಮಾಣುಗಳೆಲ್ಲ ಸತ್ತು, ಕಬ್ಬಿಣದ ಕಣಗಳೇ ಹಾಲನ್ನು ಹೆಪ್ಪುಗಟ್ಟಿಸುವ ಕಾಲದಲ್ಲಿ, ಗದಗಿನ ಗೌರವ್ವನ ಚಿಟಿಕೆ ಕಣಗಳಿಗೆ ಮೂರು ಲೋಕದಲ್ಲೂ ಸಾಟಿಯಿರಲಿಲ್ಲ. ಅವ್ವ ಸಾಯುವಾಗ ಕೊಟ್ಟದ್ದು. ನಲವತ್ತು ವರ್ಷದಲ್ಲಿ ಒಂದು ಸಮುದ್ರದಷ್ಟು ಮೊಸರು ಮಾಡಿದರೂ ಅವು ಎಳ್ಳಷ್ಟೂ ಸವೆದಿರಲಿಲ್ಲ. ದಿನಾ ಮೊಸರಿಗೆ ಅಯಸ್ಕಾಂತ ಅದ್ದಿ ಕಣಗಳನ್ನು ತೆಗೆದಿಟ್ಟರಾಯಿತು.

ಅಂದು ಅಯಸ್ಕಾಂತ ಅದ್ದುವ ಮೊದಲೇ ಗಂಡ ವೀರಪ್ಪ ಗಡಿಗೆ ಎತ್ತಿ ಕುಡಿದುಬಿಟ್ಟ.

"ನಮ್ಮವ್ವನ ನೆನಪನ್ನ ನುಂಗಿಬಿಟ್ರಲ್ರಿ!" ಗೌರವ್ವನ ಕಣ್ಣೀರಿಗೆ ಓಣಿಯ ಗಟಾರ ತುಂಬಿ ಹರಿಯಿತು.

"ಬೇಕಾದ್ರ ಹೊಟ್ಟಿಗೆ ಅಯಸ್ಕಾಂತ ಹಚ್ಚಿ ನೋಡ," ಎಂದು ವೀರಪ್ಪ ಪೆಚ್ಚಾಗಿ ಅಂಗಿ ಎತ್ತಿದ.

ಅಳು ಕೇಳಿದ ನೆರೆಮನೆಯ ಬೀಬಿಜಾನ್, ಸಂಜೆ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಳು. "ಅಕ್ಕಾ, ಹೋದ ವರ್ಷ ನೀವ ಕೊಟ್ಟಿದ್ರಲ್ಲ, ನಿಮ್ಮವ್ವನ ಹೆಪ್ಪು. ಅರ್ಧಾ ತಂದೀನ್ರಿ. ಆದ್ರ ದೀಪ ಹಚ್ಚಿಬಿಟ್ಟೀರಿ..."

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ತೆಗೆದುಕೊಳ್ಳಬಾರದು ಎಂದು ಊರಿಗೆಲ್ಲ ಪಾಠ ಹೇಳಿದವಳು ಗೌರವ್ವನೇ. ಆಕೆ ದೇವರತ್ತ ತಿರುಗಿ, ಸೆರಗು ಬೀಸಿ ದೀಪ ಶಾಂತ ಮಾಡಿದಳು.

"ಎಲ್ಲೈತಿ ದೀಪ? ಕೊಡವಾ," ಎಂದು ಎರಡೂ ಕೈ ಚಾಚಿದಳು.