ಹುಣಸೆಹಣ್ಣಿನಲ್ಲಿ ತೊಳೆದ ಪದಕ

ಮನೆಯ ತಾಮ್ರ-ಹಿತ್ತಾಳೆ ಥಳಥಳ ಹೊಳೆಯಬೇಕು ಅನ್ನುವ ಹೆಂಗಸರಿಗಾಗಿ ಈ ಕಥೆ... ಅವರ ಗಂಡಂದಿರು ಎರಡು ಸಲ ಓದಬೇಕು.

ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಎ.ಸಿ. ಹಾಲ್. ಹಳೆಯ ಪೇಂಟಿಂಗ್, ಆಟಗಾರರ ಸಹಿ ಇದ್ದ ಬ್ಯಾಟು, ಪದಕಗಳ ಹರಾಜು ನಡೆಯುತ್ತಿತ್ತು.

ಕೊನೆಯ ಸಾಲಿನಲ್ಲಿ ವಯಸ್ಸಾದ ದಂಪತಿ... ದಾವಣಗೆರೆಯ ಪೈಲ್ವಾನ್ ಮರುಳಪ್ಪ, ಅವರ ಹೆಂಡತಿ ಕೊಟ್ರಮ್ಮ.

ಮರುಳಪ್ಪನವರು ಒಂದು ಕಾಲಕ್ಕೆ ಹೊರದೇಶಕ್ಕೆ ಹೋಗಿ ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದು ಬಂದವರು. ಇವತ್ತು ಆ ಪದಕವೇ ಹರಾಜಿಗೆ ಬಂದಿತ್ತು!

ಕಾರಣ ಇಷ್ಟೇ... ಅವರ ಗರಡಿಮನೆಯ ಮಾಡು ಕುಸಿದು ಸೂರೇ ಇಲ್ಲದಂತಾಗಿತ್ತು. ಅಲ್ಲಿ ಕುಸ್ತಿ ಕಲಿಯುತ್ತಿದ್ದ ಹದಿನಾಲ್ಕು ಹುಡುಗಿಯರಿಗೆ "ಯುಗಾದಿಯೊಳಗೆ ಹೊಸ ಮಾಡು ಹಾಕಿಸ್ತೀನಿ" ಎಂದು ಅವರು ಮಾತು ಕೊಟ್ಟುಬಿಟ್ಟಿದ್ದರು.

ಹಳೆಯ ಶಿಷ್ಯರು ಊರ ತುಂಬ ಇದ್ದರು, ಒಳ್ಳೆಯ ಸ್ಥಿತಿಯಲ್ಲೇ ಇದ್ದರು. ಕೊಟ್ರಮ್ಮ ಒಮ್ಮೆ ಆ ವಿಷಯ ತೆಗೆದಾಗ ಪೈಲ್ವಾನರು ಗುಡುಗಿದ್ದರು.

"ಗುರು ಆದೋನು ಶಿಷ್ಯರ ಮುಂದೆ ಕೈ ಒಡ್ಡಬಾರ್ದು. ಇನ್ನೊಂದ್ ಸಲ ಈ ಮಾತು ಎತ್ಬೇಡ!"

ಸರಿ, ಹರಾಜು ಕಂಪನಿಯ ಕಾಗದಕ್ಕೆ ಸಹಿ ಹಾಕಿದರು. ಮೂರೇ ದಿನಕ್ಕೆ ಸಂಕಟ ಶುರುವಾಯಿತು... ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಫೋನ್ ಮಾಡಿ "ಪದಕಾನ ಹರಾಜಿನಿಂದ ವಾಪಸ್ ತಗೊಳ್ಳಬಹುದಾ?" ಎಂದು ಕೇಳಿದರು.

"ಸಹಿ ಆದ ಮೇಲೆ ಆಗಲ್ಲ ಸರ್" ಎಂದರು ಆಫೀಸರ್. "ಹರಾಜಿನಲ್ಲಿ ನಾವು ಇಟ್ಟ ಕನಿಷ್ಠ ಬೆಲೆ ಬರದಿದ್ರೆ ಮಾತ್ರ ವಾಪಸ್. ಆಮೇಲೆ ಇನ್ನೊಂದು ಮಾತು... ಹರಾಜಿನ ದಿನ ಪದಕ ತಂದ್ರೆ ಸಾಕು, ಆದ್ರೆ ತೊಳೀಬೇಡಿ. ತಗೊಳ್ಳೋರು ಬೆಲೆ ಕೊಡೋದೇ ಆ ಹಳೇ ಕಪ್ಪು ಬಣ್ಣಕ್ಕೆ."

ಇದನ್ನು ಹೆಂಡತಿಗೆ ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಗಂಡಸರಿಗೆ ಹೊಳೆಯುವುದೂ ಅಪರೂಪ ಬಿಡಿ...

ಹರಾಜಿನ ಹಿಂದಿನ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬರುತ್ತಾರೆ... ಕೊಟ್ರಮ್ಮ ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಉಪ್ಪು ಹಾಕಿ ಪದಕವನ್ನು ಗಸಗಸ ತಿಕ್ಕುತ್ತಿದ್ದಾರೆ!

"ಮನೆ ಬಿಟ್ಟು ಹೋಗೋ ಮಗಳಿಗೆ ನೀರು ಎರೆದು ಕಳಿಸ್ಬೇಕಲ್ವೇನ್ರಿ?" ಎಂದು ನಕ್ಕರು.

ಪೈಲ್ವಾನರಿಗೆ ಆಫೀಸರ್ ಹೇಳಿದ್ದು ನೆನಪಾಯಿತು. ಆದರೆ ನಲವತ್ತಾರು ವರ್ಷ ಜೊತೆಗೆ ಬಾಳಿದವಳಿಗೆ "ಹಾಳು ಮಾಡಿದೆ" ಎನ್ನಲು ಬಾಯಿ ಬರಲಿಲ್ಲ. "ಚೆನ್ನಾಗ್ ಬೆಳಗಿದೀಯ" ಎಂದಷ್ಟೇ ಹೇಳಿ ಒಳಗೆ ಹೋದರು.

ಈಗ ಹಾಲ್‌ನಲ್ಲಿ... ಪದಕ ಮಾರಿಹೋದರೆ ಜೀವವೇ ಹೋದ ಹಾಗೆ. ಮಾರದೆ ಉಳಿದರೆ ಹುಡುಗಿಯರಿಗೆ ಕೊಟ್ಟ ಮಾತು ಹೋಯಿತು. ಅವರು ಎದ್ದು ಹೋಗುವಂತಿರಲಿಲ್ಲ, ಅಳುವಂತೆಯೂ ಇರಲಿಲ್ಲ.

ಅಖಾಡದಲ್ಲಿ ಎಂಥ ಹಿಡಿತದಿಂದಲೂ ಬಿಡಿಸಿಕೊಳ್ಳುವ ಪಟ್ಟು ಗೊತ್ತಿದ್ದ ಮನುಷ್ಯ... ಇಲ್ಲಿ ತನ್ನನ್ನು ಹಿಡಿದವರು ಯಾರೆಂದೇ ಅವರಿಗೆ ತಿಳಿಯಲಿಲ್ಲ.

ಪದಕದ ಸರದಿ ಬಂತು. ಹರಾಜು ಕೂಗುವವರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮುಂದೆ ಕೂತವರು ಬೆಲೆ ಕೂಗಲು ಎತ್ತಿದ್ದ ನಂಬರ್ ಹಲಗೆಗಳನ್ನು ಒಬ್ಬೊಬ್ಬರಾಗಿ ಕೆಳಗಿಟ್ಟರು.

"ಏನಂತ್ರೀ?" ಎಂದು ಕೊಟ್ರಮ್ಮ ಪಿಸುಗುಟ್ಟಿದರು.

"ತುಂಬಾ ಹೊಳೀತೈತಿ ಅಂದ್ರು" ಎಂದರು ಪೈಲ್ವಾನರು. ಹರಾಜಿನವರು ನಿಜಕ್ಕೂ ಹೇಳಿದ್ದು, ಪದಕವನ್ನು ತೊಳೆದಿದ್ದಾರೆ, ಹಳೆಯ ಬಣ್ಣ ಹೋಗಿದೆ ಎಂದು.

ಒಂದು ಸಲ... ಎರಡು ಸಲ... ಮೂರು ಸಲ... ಯಾರೂ ಕೈ ಎತ್ತಲಿಲ್ಲ.

ಅರ್ಧ ಗಂಟೆಯಲ್ಲಿ ಪದಕ ಮತ್ತೆ ಅವರ ಕೈಯಲ್ಲಿತ್ತು. ಇಬ್ಬರೂ ಹೋಟೆಲಿನ ಹೊರಗಿನ ಕಟ್ಟೆಯ ಮೇಲೆ ಕೂತರು.

"ಯಾಕೋ ಯಾರಿಗೂ ಬೇಡಾಯ್ತು, ಬಿಡು" ಎಂದರು ಪೈಲ್ವಾನರು.

"ನಾನ್ ತೊಳೆದಿದ್ದಕ್ಕೆ ಅಲ್ವಾ?"

ಪೈಲ್ವಾನರು ಬೆಚ್ಚಿಬಿದ್ದರು. "ನಿಂಗೆ ಹೆಂಗ್ ಗೊತ್ತು?"

"ಕುಸ್ತಿ ಆಡಿ ಆಡಿ ಕಿವಿ ಮುದುಡಿಸ್ಕೊಂಡು ಮಂದ ಮಾಡ್ಕೊಂಡೋರು ನೀವು. ಫೋನು ಹಿಡಿದ್ರೆ ಸ್ಪೀಕರ್‌ಗೆ ಹಾಕ್ತೀರಿ. ಆ ಆಫೀಸರ್ ಮಾತು ನಂಗೊಬ್ಬಳಿಗಲ್ಲ, ಓಣಿಗೆಲ್ಲ ಕೇಳೈತಿ!"

"ಮತ್ತೆ... ಗೊತ್ತಿದ್ದೂ ತೊಳೆದ್ಯಾ?"

ಕೊಟ್ರಮ್ಮ ಗಂಡನ ಕಡೆ ತಿರುಗಿ ಕೂತರು...

"ಒಂದು ತಿಂಗಳಿಂದ ನೀವು ಒದ್ದಾಡೋದು ನೋಡ್ಲಿಕ್ಕಾಗ್ಲಿಲ್ಲ. ನಾನು ಹೇಳಿದ್ರೆ ನೀವು ಕೇಳಂಗಿಲ್ಲ. ಸಹಿ ಹಾಕಿದ್ ಕಾಗದ ಹರಿಯೋ ಹಂಗಿಲ್ಲ. ನನ್ ಕೈಯಾಗಿದ್ದಿದ್ದು ಹುಣಸೆಹಣ್ಣು ಒಂದೇ..."

ಪೈಲ್ವಾನರು ಪದಕವನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಹೋಗಿ ಬರುವವರು ನಿಂತು ನೋಡಿದರೂ ಅವರಿಗೆ ನಾಚಿಕೆಯಾಗಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು "ಹುಡುಗೇರಿಗೆ ಏನ್ ಹೇಳ್ಲಿ, ಕೊಟ್ರಿ? ಗರಡಿ ಮಾಡು..." ಎಂದರು.

ಕೊಟ್ರಮ್ಮ ಚೀಲದಿಂದ ಮೊಬೈಲ್ ತೆಗೆದರು. ಹಳೆಯ ಶಿಷ್ಯ ನಿಂಗರಾಜನಿಗೆ ಫೋನ್ ಹಚ್ಚಿ ಗಂಡನ ಕೈಗೆ ಕೊಟ್ಟರು. ನಿಂಗರಾಜನಿಗೆ ಈಗ ಆರು ಲಾರಿಗಳಿದ್ದವು.

"ಹೇಳ್ರಿ ಗುರುಗಳೇ!" ಎಂದಿತು ಆ ಕಡೆಯ ದನಿ.

ಪೈಲ್ವಾನರು ಪದಕವನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಎಪ್ಪತ್ತೆರಡು ವರ್ಷದಲ್ಲಿ ಬಾಯಿಂದ ಬರದ ಮಾತು...

"ನಿಂಗರಾಜ... ಗರಡಿ ಮಾಡು ಬಿದ್ದೈತಪ್ಪ. ನನ್ ಕೈಲಿ ಆಗ್ತಿಲ್ಲ. ಸಹಾಯ ಮಾಡ್ತೀಯಾ?"

ಆ ಕಡೆಯಿಂದ ಕೇಳಿದ್ದು ಅಳುವ ದನಿ...

"ಮಾಡು ಬಿದ್ದ ದಿನವೇ ನಾವೆಲ್ಲ ಸೇರಿ ಮಾತಾಡ್ಕೊಂಡಿದ್ವಿ ಗುರುಗಳೇ. ನಾವಾಗೇ ಬಂದ್ರೆ ನೀವು ಬೈದು ಕಳಿಸ್ತೀರಂತ ಹೆದರಿ ಸುಮ್ಕಿದ್ವಿ. ನೀವು ಒಂದು ಮಾತು ಸಹಾಯ ಕೇಳಿದ್ರೆ ಸಾಕು ಅಂತ ಇಷ್ಟು ದಿನ ಕಾಯ್ತಾ ಇದ್ವಿ..."

*ನಮ್ಮನ್ನು ಕಟ್ಟಿಹಾಕುವುದು ಸಹಿ ಹಾಕಿದ ಕಾಗದವಲ್ಲ, ನಮ್ಮವರ ಹತ್ತಿರವೂ ಬಾಯಿ ಬಿಟ್ಟು ಕೇಳಲಾರದ ಒಂದು ಮಾತು.*

ನಿಮ್ಮ ಗಂಟಲಲ್ಲೂ ಅಂಥದ್ದೊಂದು ಮಾತು ಸಿಕ್ಕಿಕೊಂಡಿದೆಯಾ...? ಅದನ್ನು ಕೇಳಿಸಿಕೊಳ್ಳಲೆಂದು ಆ ಕಡೆ ಯಾರು ಕಾಯುತ್ತಿರಬಹುದು?